ಭೂಶಾಖದ ಮುಕ್ತ ದತ್ತಾಂಶ: ಶೋಧನ ಸಾಧನಗಳು

ಬಿಸಿನೀರಿನ ಬುಗ್ಗೆಗಳ ಉಷ್ಣತೆ, ಜಲದ ರಾಸಾಯನಿಕ ವಿಶ್ಲೇಷಣೆ, ಕೊಳವೆಬಾವಿಗಳಲ್ಲಿ ಆಳವರಿತು ಅಳೆದ ತಾಪ, ಶಿಲಾನಕ್ಷೆ ಮೊದಲಾದ ಸಾರ್ವಜನಿಕ ದಾಖಲೆಗಳನ್ನು ಹುಡುಕಿ, ಒಂದೇ ಮಾನಕ್ಕೆ ತಂದು, ಗಣನೆಗೆ ಒದಗಿಸುವ ತಂತ್ರಾಂಶಗಳ ಸಮುದಾಯಕ್ಕೆ ಈ ಹೆಸರು ಸಲ್ಲುತ್ತದೆ. ದಕ್ಷಿಣ ಕನ್ನಡದಲ್ಲಿ ಇವುಗಳ ಪರೀಕ್ಷೆಗೆ ಒದಗುವ ನೆಲೆಗಳು ಮುಖ್ಯವಾಗಿ ಎರಡು: ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್‌ತೀರ್ಥ ಮತ್ತು ಬೆಳ್ತಂಗಡಿ ತಾಲ್ಲೂಕಿನ ಬಂದಾರು. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರೇ.

ಆಕರಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ 2022ರ ಭೂಶಾಖ ನಕ್ಷಾಸಂಪುಟವು ದೇಶದಲ್ಲಿ 381 ಉಷ್ಣವಿಶೇಷ ಸ್ಥಾನಗಳನ್ನು ಎಣಿಸಿದೆ. ಆ ಸಂಸ್ಥೆಯ ‘ಭೂಕೋಶ’ ಜಾಲತಾಣದಿಂದಲೂ, 2023ರ ಡಿಸೆಂಬರಿನಲ್ಲಿ ಉದ್ಘಾಟಿತವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರದಿಂದಲೂ ನಕ್ಷೆಯ ಪದರಗಳನ್ನು ಇಳಿಸಿಕೊಂಡು ‘ಕ್ಯೂಜಿಐಎಸ್’ ಎಂಬ ಮುಕ್ತ ತಂತ್ರಾಂಶದಲ್ಲಿ ತೆರೆಯಬಹುದು. ಅಮೆರಿಕೆಯಲ್ಲಿ ಇಂಧನ ಇಲಾಖೆಯ ಭೂಶಾಖ ದತ್ತಾಂಶ ಭಂಡಾರವಿದೆ. ವಿದ್ಯುದುತ್ಪಾದನೆಯ ವೆಚ್ಚವನ್ನು ಅಂದಾಜಿಸುವ ‘ಜಿಯೋಫೈರ್ಸ್’, ಜಲರಸಾಯನಕ್ಕೆ ‘ಫ್ರೀಕ್’ ಎಂಬ ಸಾಧನಗಳೂ ಉಚಿತವಾಗಿ ಲಭ್ಯ.

ಶೋಧನದ ತೊಡಕು. ಯಂತ್ರವು ಅಕ್ಷರವನ್ನು ನೋಡುವುದೇ ಹೊರತು ಊರನ್ನಲ್ಲ. ಇಂಗ್ಲಿಷ್ ಬರಹದಲ್ಲಿ ಬೆಂದ್ರ್‌ತೀರ್ಥದ ಕಾಗುಣಿತ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಗೆ. ಹಳೆಯ ಗ್ರಂಥಗಳಲ್ಲಿ ಜಿಲ್ಲೆಯೇ ‘ಸೌತ್ ಕೆನರಾ’. ಹಳೆಯ ಸರ್ವೆ ನಕ್ಷೆಗಳು ಎವರೆಸ್ಟ್ ಗೋಳಮಾನವನ್ನು ಅನುಸರಿಸಿದ್ದರಿಂದ, ಅವುಗಳ ಅಕ್ಷಾಂಶ ರೇಖಾಂಶಗಳನ್ನು ಪರಿವರ್ತಿಸದೆ ಇಂದಿನ ಉಪಗ್ರಹ ಚಿತ್ರದ ಮೇಲಿಟ್ಟರೆ ಹೊಳೆಯ ಬದಿಯ ಬುಗ್ಗೆ ಆಚೆಯ ತೋಟಕ್ಕೆ ಸರಿದು ಕೂರುತ್ತದೆ.

ಗಣನೆ. ಜಲದಲ್ಲಿ ಕರಗಿದ ಸಿಲಿಕದ ಪ್ರಮಾಣದಿಂದ ಆಳದ ಉಷ್ಣತೆಯನ್ನು ಊಹಿಸುವ ಸೂತ್ರವನ್ನು ಭೂರಸಾಯನಜ್ಞ ಫೂರ್ನಿಯೆ 1977ರಲ್ಲಿ ಪ್ರಕಟಿಸಿದನು. 1309 ಎಂಬ ಸಂಖ್ಯೆಯನ್ನು, 5.19ರಿಂದ ಸಿಲಿಕದ ಲಘುಗಣಕವನ್ನು ಕಳೆದುಳಿದುದರಿಂದ ಭಾಗಿಸಿ, ಬಂದುದರಲ್ಲಿ 273ನ್ನು ಕಳೆಯಬೇಕು. ಲೀಟರಿಗೆ 60 ಮಿಲಿಗ್ರಾಂ ಸಿಲಿಕವಿದೆಯೆಂದು ಉದಾಹರಣೆಗೆ ಇಟ್ಟುಕೊಂಡರೆ ಸುಮಾರು 110 ಡಿಗ್ರಿ ಸೆಲ್ಸಿಯಸ್ ಬರುತ್ತದೆ. ಆದರೆ ಸಿಲಿಕವು ಸ್ಫಟಿಕದಿಂದಲ್ಲದೆ ಕ್ಯಾಲ್ಸೆಡನಿ ಎಂಬ ಖನಿಜದಿಂದ ಕರಗಿತೆಂದು ಭಾವಿಸಿ, 1309ಕ್ಕೆ 1032ನ್ನೂ 5.19ಕ್ಕೆ 4.69ನ್ನೂ ಇರಿಸಿದರೆ, ಅದೇ ನೀರು 81 ಡಿಗ್ರಿಗೆ ಇಳಿಯುತ್ತದೆ. ಪುರಾತನವೂ ಶೀತಲವೂ ಆದ ಧಾರವಾಡ ಶಿಲಾಪೀಠದಲ್ಲಿ ಕಿಲೋಮೀಟರಿಗೆ ಹನ್ನೆರಡು ಡಿಗ್ರಿಯಷ್ಟೇ ತಾಪ ಏರುವುದೆಂದು ಎಣಿಸಿ, ನೆಲಮಟ್ಟದ ತಾಪವನ್ನು ಕಳೆದು ನೋಡಿದರೆ, ಮೊದಲನೆಯ ಉತ್ತರಕ್ಕೆ ನೀರು ಏಳು ಕಿಲೋಮೀಟರ್ ಆಳಕ್ಕೆ ಇಳಿದು ಮರಳಬೇಕು, ಎರಡನೆಯದಕ್ಕೆ ನಾಲ್ಕೂವರೆ. ಈ ಎರಡರ ನಡುವಣ ಆಯ್ಕೆಯನ್ನು ತಂತ್ರಾಂಶವು ಮಾಡಿಕೊಡಲಾರದು. ಗಟ್ಟಿ ಗ್ನೈಸಿನ ಬಿರುಕುಗಳಲ್ಲಿ ಏಳು ಕಿಲೋಮೀಟರಿನ ಪಯಣ ಈ ಲೇಖಕನಿಗೆ ಸಂಭಾವ್ಯವೆನಿಸುವುದಿಲ್ಲ. ಮೇಲಾಗಿ ಮಳೆಗಾಲದಲ್ಲಿ ಮೇಲ್ಪದರದ ತಣ್ಣೀರು ಬುಗ್ಗೆಗೆ ಬೆರೆತರೆ ಸಿಲಿಕವೂ ತೆಳುವಾಗುವುದರಿಂದ, ಮಾದರಿಯನ್ನು ಯಾವ ತಿಂಗಳಿನಲ್ಲಿ ತೆಗೆದರೆಂಬುದು ಕೋಷ್ಟಕದಲ್ಲಿ ಇಲ್ಲದಿದ್ದರೆ ಅಂಕಿಯ ಬೆಲೆ ಅರ್ಧ ಕಳೆದಂತೆಯೇ.

ಉಪಯೋಗ. ಮೈಬೆಚ್ಚಗಿನಷ್ಟೇ ತಾಪದ ಇಂತಹ ಬುಗ್ಗೆಗಳಿಂದ ವಿದ್ಯುತ್ತಿನ ನಿರೀಕ್ಷೆ ಸಾಧುವಲ್ಲ; ಸ್ನಾನ, ಒಣಗಿಸುವಿಕೆ ಮುಂತಾದ ನೇರ ಬಳಕೆಗಳನ್ನು ಕುರಿತು ವಿಚಾರಿಸಬಹುದು. 2025ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಭೂಶಾಖ ನೀತಿಯು ನೇರ ಬಳಕೆಯನ್ನೂ ಒಳಗೊಂಡಿದೆ.