ಬೃಹತ್ ನಕ್ಷತ್ರಗಳ ಜೀವನ ಮತ್ತು ಅಂತ್ಯ

ಸೂರ್ಯನ ಸುಮಾರು 8 ಪಟ್ಟು ಅಥವಾ ಅದಕ್ಕೂ ಹೆಚ್ಚು ದ್ರವ್ಯರಾಶಿಯಿರುವ ನಕ್ಷತ್ರಗಳಿಗೆ ಬೃಹತ್ ನಕ್ಷತ್ರಗಳೆಂದು ಹೆಸರು. ಇವುಗಳಲ್ಲಿ ಇಂಧನ ಹೆಚ್ಚು, ಆಯುಸ್ಸು ಕಡಿಮೆ. ಸೂರ್ಯನ ಆಯುಸ್ಸು ಸುಮಾರು 1,000 ಕೋಟಿ ವರ್ಷ. 25 ಸೂರ್ಯರಾಶಿಯ ನಕ್ಷತ್ರದ್ದು ಕೋಟಿ ವರ್ಷಕ್ಕೂ ಕಡಿಮೆ. ತನ್ನ ಭಾರವನ್ನು ತಾನೇ ತಡೆದುಕೊಳ್ಳಲು ಅದರ ಗರ್ಭ ಅತಿಯಾಗಿ ಕಾದಿರಬೇಕು. ಕಾವು ಏರಿದಷ್ಟೂ ಜಲಜನಕ ಬೇಗ ತೀರುತ್ತದೆ.

ಉರಿಯುವ ಹಂತಗಳು: ಜಲಜನಕ ತೀರಿದ ಮೇಲೆ ಗರ್ಭ ಕುಗ್ಗಿ ಇನ್ನಷ್ಟು ಕಾಯುತ್ತದೆ, ಹೊರಪದರಗಳು ಹಿಗ್ಗಿ ನಕ್ಷತ್ರ ಮಹಾದೈತ್ಯವಾಗುತ್ತದೆ. ಒಂದು ಹಂತದ ಬೂದಿಯೇ ಮುಂದಿನ ಹಂತಕ್ಕೆ ಸೌದೆ. 25 ಸೂರ್ಯರಾಶಿಯ ನಕ್ಷತ್ರದಲ್ಲಿ ಹೀಲಿಯಂ ಕೆಲವು ಲಕ್ಷ ವರ್ಷ, ಇಂಗಾಲ ಸುಮಾರು 600 ವರ್ಷ, ನಿಯಾನ್ ಒಂದು ವರ್ಷ, ಆಮ್ಲಜನಕ ಸುಮಾರು ಆರು ತಿಂಗಳು ಉರಿಯುತ್ತವೆ. ಸಿಲಿಕಾನ್ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುಗಿದು ಕಬ್ಬಿಣದ ಗುಂಪಿನ ಧಾತುಗಳಾಗುತ್ತದೆ.

ಕುಸಿತ: ಕಬ್ಬಿಣವನ್ನು ಬೆಸೆದರೆ ಶಕ್ತಿ ಹುಟ್ಟುವುದಿಲ್ಲ. ಗರ್ಭದ ರಾಶಿ ಸುಮಾರು 1.4 ಸೂರ್ಯರಾಶಿಯ ಚಂದ್ರಶೇಖರ್ ಮಿತಿಯ ಬಳಿಗೆ ಬಂದಾಗ ಅದು ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ. ಬಿಗಿದ ಗರ್ಭದಿಂದ ಪುಟಿದ ಆಘಾತತರಂಗಕ್ಕೆ ನ್ಯೂಟ್ರಿನೊಗಳ ಶಕ್ತಿಯೂ ಸೇರಿ ಹೊರಪದರಗಳು ಸಿಡಿಯುತ್ತವೆ, ಇದೇ ಸೂಪರ್‌ನೋವಾ. ಉಳಿಯುವುದು ಇಪ್ಪತ್ತೈದು ಕಿ.ಮೀ. ಅಗಲವೂ ಇಲ್ಲದ ನ್ಯೂಟ್ರಾನ್ ನಕ್ಷತ್ರ, ಇಲ್ಲವೇ ಕಪ್ಪುಕುಳಿ. ಕೆಲವು ನಕ್ಷತ್ರಗಳು ಸಿಡಿಯದೆ ನೇರವಾಗಿ ಕಪ್ಪುಕುಳಿಯಾಗಬಹುದು.

1987ರ ಸಾಕ್ಷ್ಯ: 1987ರ ಫೆಬ್ರವರಿ 24ರಂದು ಚಿಲಿಯ ಲಾಸ್ ಕಂಪಾನಾಸ್ ವೀಕ್ಷಣಾಲಯದಲ್ಲಿ ಇಯಾನ್ ಶೆಲ್ಟನ್ ಆಗತಾನೆ ತೊಳೆದ ಛಾಯಾಫಲಕದಲ್ಲಿ, ಹಿಂದೆಂದೂ ಇರದ ಚುಕ್ಕಿಯೊಂದನ್ನು ಕಂಡರು. ಫಲಕದ ದೋಷವಿರಬಹುದೆಂದು ಹೊರಬಂದು ನೋಡಿದರೆ ಅದು ಬರಿಗಣ್ಣಿಗೇ ಕಾಣುತ್ತಿತ್ತು. ಅಲ್ಲಿನ ಸಹಾಯಕ ಆಸ್ಕರ್ ಡುಹಾಲ್ಡೆ ಅದೇ ರಾತ್ರಿ ಅದನ್ನು ಬರಿಗಣ್ಣಿನಲ್ಲಿ ಕಂಡಿದ್ದರು. ಸುಮಾರು 1,68,000 ಜ್ಯೋತಿರ್ವರ್ಷ ದೂರದ ದೊಡ್ಡ ಮೆಗಲಾನಿಕ್ ಮೋಡದಲ್ಲಿ ನೀಲಿ ಮಹಾದೈತ್ಯವೊಂದು ಸಿಡಿದಿತ್ತು. ಆ ಬೆಳಕು ಕಾಣುವ ಕೆಲವು ಗಂಟೆ ಮೊದಲೇ ಜಪಾನ್, ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಉಪಕರಣಗಳು ಸುಮಾರು ಎರಡು ಡಜನ್ ನ್ಯೂಟ್ರಿನೊಗಳನ್ನು ಹಿಡಿದಿದ್ದವು. ಗರ್ಭ ಮೊದಲು ಕುಸಿಯುತ್ತದೆ, ಬೆಳಕು ಆಮೇಲೆ ಹೊಮ್ಮುತ್ತದೆ ಎಂಬ ಸಿದ್ಧಾಂತಕ್ಕೆ ಅವೇ ಸಾಕ್ಷಿಯಾದವು. ಮುಂದಿನ ತಿಂಗಳುಗಳಲ್ಲಿ ಅದರ ಹೊಳಪು 77 ದಿನಗಳ ಅರ್ಧಾಯುವಿನ ಕೋಬಾಲ್ಟ್-56ರ ಲೆಕ್ಕದಂತೆಯೇ ಇಳಿಯಿತು. ಸ್ಫೋಟದಲ್ಲಿ ಹೊಸ ಧಾತುಗಳು ಹುಟ್ಟುತ್ತವೆಂಬುದು ಹೀಗೆ ಕಣ್ಣೆದುರೇ ಖಚಿತವಾಯಿತು.

ಆರ್ದ್ರಾ: ನಮ್ಮ ರೈತರು ಮಳೆ ನಕ್ಷತ್ರವಾಗಿ ಎಣಿಸುವ ಆರಿದ್ರೆಯನ್ನು ಸಾಮಾನ್ಯವಾಗಿ ಕೆಂಪು ಮಹಾದೈತ್ಯ ಬೆಟೆಲ್‌ಗ್ಯೂಸ್ ಎಂದು ಗುರುತಿಸುತ್ತಾರೆ. ಅದು ಸುಮಾರು ಒಂದು ಲಕ್ಷ ವರ್ಷದೊಳಗೆ ಸಿಡಿಯುವುದೆಂದು ಬಹುತೇಕ ಖಗೋಳಜ್ಞರ ಅಂದಾಜು. 500 ಜ್ಯೋತಿರ್ವರ್ಷಕ್ಕೂ ಹೆಚ್ಚು ದೂರವಿರುವುದರಿಂದ ಭೂಮಿಗೆ ಅಪಾಯವಿಲ್ಲ. ಸಿಡಿದಾಗಿನ ಬೆಳಕು ಮಾತ್ರ ಹಗಲಿನಲ್ಲೂ ಕಾಣುತ್ತದೆ.