ಕಡತಕ್ಕೆ ಬೀಗವು ಬೇಕೆ? — ಯೂನಿಕ್ಸ್ ಚರಿತ್ರೆಯ ಒಂದು ಚರ್ಚೆ

೧೯೭೪ನೆಯ ಇಸವಿಯ ಜುಲೈ ತಿಂಗಳಲ್ಲಿ ಅಮೆರಿಕದ ಗಣಕಶಾಸ್ತ್ರಜ್ಞರ ಸಂಘದ ಮಾಸಪತ್ರಿಕೆಯಲ್ಲಿ ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ವರ್ಣಿಸುವ ಲೇಖನವೊಂದು ಪ್ರಕಟವಾಯಿತು. ಅದನ್ನು ಬರೆದವರು ಬೆಲ್ ಪ್ರಯೋಗಶಾಲೆಯ ಡೆನ್ನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್. ಒಂದೇ ಕಡತವನ್ನು ಹಲವರು ಬಳಸುವಾಗ ಉಂಟಾಗುವ ತೊಡಕನ್ನು ತಡೆಯಲು ತಮ್ಮ ಪರಿಸರದಲ್ಲಿ ಬೀಗವು ಅವಶ್ಯವೂ ಅಲ್ಲ, ಸಾಲುವಂತಹುದೂ ಅಲ್ಲವೆಂದು ಅವರು ಅಲ್ಲಿ ಅಭಿಪ್ರಾಯಪಟ್ಟರು. ಇದನ್ನು ಅಲಕ್ಷ್ಯದ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಾಗದು.

ತೊಡಕಿನ ಸ್ವರೂಪವನ್ನು ಮೊದಲು ನೋಡತಕ್ಕದ್ದು. ಕಡತದಲ್ಲಿ ೧೦೦ ಎಂಬ ಮೊತ್ತವಿರುವಾಗ ಎರಡು ಪ್ರಕ್ರಿಯೆಗಳು ಏಕಕಾಲದಲ್ಲಿ ಅದನ್ನು ಓದಿ, ಒಂದು ೨೦ನ್ನೂ ಮತ್ತೊಂದು ೩೦ನ್ನೂ ಕೂಡಿಸಿ ಬರೆದರೆ, ೧೫೦ ಇರಬೇಕಾದಲ್ಲಿ ೧೨೦ ಅಥವಾ ೧೩೦ ಉಳಿಯುತ್ತದೆ. ಹಿಂದೆ ಬರೆದುದು ಸದ್ದಿಲ್ಲದೆ ಅಳಿದುಹೋಗುತ್ತದೆ. ಒಂದು ಸಮಯದಲ್ಲಿ ಒಬ್ಬನೇ ಒಳಹೋಗುವಂತೆ ಮಾಡುವ ಉಪಾಯವನ್ನು ಎಷ್ಟು ಮಂದಿಗಾದರೂ ಅನ್ವಯಿಸುವಂತೆ ಡಚ್ ವಿದ್ವಾಂಸ ಡೈಕ್‌ಸ್ಟ್ರಾ ೧೯೬೫ರಲ್ಲಿಯೇ ತೋರಿಸಿದ್ದರು. ಆದುದರಿಂದ ಯೂನಿಕ್ಸ್ ನಿರ್ಮಾಪಕರು ವಿಷಯವನ್ನು ಅರಿಯದೆ ನುಡಿದವರಲ್ಲ.

ಅವರ ವಾದಕ್ಕೆ ಕಾರಣಗಳು ಎರಡು. ಸ್ವತಂತ್ರ ಪ್ರಕ್ರಿಯೆಗಳೆಲ್ಲ ಕೂಡಿ ಪೋಷಿಸುವ ದೊಡ್ಡ ದತ್ತಕೋಶಗಳು ಅವರ ಬಳಿ ಇರಲಿಲ್ಲ, ಇದು ಮೊದಲನೆಯದು. ತಿದ್ದುವ ಸಾಧನವು ಕಡತದ ನಕಲನ್ನು ತೆಗೆದುಕೊಂಡು ಅದನ್ನೇ ತಿದ್ದುವುದಾದರೆ, ಮೂಲಕ್ಕೆ ಹಾಕಿದ ಬೀಗದಿಂದ ಏನೂ ಪ್ರಯೋಜನವಿಲ್ಲವೆಂಬುದು ಎರಡನೆಯದು. ಇಬ್ಬರೂ ತಮ್ಮ ತಮ್ಮ ನಕಲನ್ನು ತಿದ್ದಿ ಹಿಂದಿರುಗಿಸಿದರೆ ಕಡೆಯವನ ಪಾಠವೇ ನಿಲ್ಲುತ್ತದೆ. ಒಂದೇ ಓಲೆಪ್ರತಿಯಿಂದ ಹೊರಟ ಎರಡು ಪಾಠಗಳನ್ನು ಹೊಂದಿಸಲು ಹೆಣಗಿದ ಗ್ರಂಥಸಂಪಾದಕರಿಗೆ ಈ ಸಂಕಟವು ಹೊಸದೇನಲ್ಲ. ಈ ಎರಡನೆಯ ಕಾರಣವು ಇಂದಿಗೂ ಖಂಡಿತವಾಗಿಲ್ಲ. ಮೊದಲನೆಯದನ್ನು ಮಾತ್ರ ಕಾಲವು ಸುಳ್ಳುಮಾಡಿತು.

ವ್ಯವಸ್ಥೆಯೇ ಬೀಗವನ್ನು ಕೊಡದಿದ್ದಾಗ ಜನರು ಬೇರೊಂದು ದಾರಿಯನ್ನು ಹಿಡಿದರು. ಗೊತ್ತಾದ ಹೆಸರಿನ ಒಂದು ಖಾಲಿ ಕಡತವನ್ನು ಸೃಷ್ಟಿಸುವುದು. ಆ ಹೆಸರು ಮೊದಲೇ ಇದ್ದರೆ ಕಾಯುವುದು. ಬೀಗ ಹಾಕಿದ ಪ್ರಕ್ರಿಯೆಯು ನಡುವೆ ಸತ್ತರೆ ಆ ಕಡತವು ಹಾಗೆಯೇ ಉಳಿದು, ಇಲ್ಲದವನಿಗಾಗಿ ಉಳಿದವರೆಲ್ಲ ಕಾಯಬೇಕಾಗುತ್ತಿತ್ತು. ೧೯೮೩ರಲ್ಲಿ ಬರ್ಕ್ಲಿಯ ೪.೨ನೆಯ ಆವೃತ್ತಿಯು ಇಡೀ ಕಡತಕ್ಕೆ ಬೀಗ ಹಾಕುವ ಕರೆಯನ್ನು ಒದಗಿಸಿತು. ಪ್ರಕ್ರಿಯೆಯು ಸತ್ತರೆ ಬೀಗವೂ ತಾನಾಗಿ ಬಿಡುತ್ತಿತ್ತು. ಕಡತದ ಒಂದು ಭಾಗಕ್ಕೆ ಮಾತ್ರ ಬೀಗ ಹಾಕುವ ಪದ್ಧತಿಯು ೧೯೮೮ರ ಪೋಸಿಕ್ಸ್ ನಿಯಮಾವಳಿಯಲ್ಲಿ ಸ್ಥಿರವಾಯಿತು.

ಭಾಗಶಃ ಬೀಗದ ಅಗತ್ಯವೇನೆಂಬುದನ್ನು ಜಿಮ್ ಗ್ರೇ ಮತ್ತು ಅವರ ಸಂಗಡಿಗರು ೧೯೭೫ರಲ್ಲಿಯೇ ವಿವರಿಸಿದ್ದರು. ದೊಡ್ಡ ಬೀಗವು ನಿರ್ವಹಣೆಗೆ ಅಗ್ಗ, ಆದರೆ ಅನೇಕರನ್ನು ವ್ಯರ್ಥವಾಗಿ ನಿಲ್ಲಿಸುತ್ತದೆ. ಸಣ್ಣ ಬೀಗಗಳು ಹೆಚ್ಚು ಮಂದಿಗೆ ಎಡೆಗೊಡುತ್ತವೆ, ಆದರೆ ಅವುಗಳ ಲೆಕ್ಕವನ್ನಿಡುವುದೇ ಒಂದು ಭಾರ.

ಪೋಸಿಕ್ಸ್ ಬೀಗದಲ್ಲಿ ಒಂದು ವಿಚಿತ್ರ ದೋಷವು ಉಳಿದುಕೊಂಡಿತು. ಒಂದು ಪ್ರಕ್ರಿಯೆಯು ಅದೇ ಕಡತವನ್ನು ಎರಡು ಸಲ ತೆರೆದು ಅವುಗಳಲ್ಲಿ ಒಂದನ್ನು ಮುಚ್ಚಿದರೂ ಆ ಕಡತದ ಮೇಲೆ ತನಗಿದ್ದ ಬೀಗಗಳೆಲ್ಲವನ್ನೂ ಕಳೆದುಕೊಳ್ಳುತ್ತದೆ. ಒಂದು ಮನೆಗೆ ಎರಡು ಬಾಗಿಲುಗಳಿದ್ದು, ಹಿತ್ತಿಲ ಬಾಗಿಲನ್ನು ಮುಚ್ಚಿದೊಡನೆ ತಲೆಬಾಗಿಲ ಬೀಗವು ಕಳಚಿಬಿದ್ದಂತೆ! ಎಸ್‌ಕ್ಯೂಲೈಟ್ ದತ್ತಕೋಶದ ಕರ್ತೃಗಳು ಇದಕ್ಕಾಗಿಯೇ ಬೀಗವಿರುವವರೆಗೆ ಮುಚ್ಚುವಿಕೆಯನ್ನು ಮುಂದೂಡುವ ಏರ್ಪಾಡನ್ನು ಮಾಡಿಕೊಳ್ಳಬೇಕಾಯಿತು. ಲಿನಕ್ಸ್ ೨೦೧೪ರಲ್ಲಿ ಈ ದೋಷವಿಲ್ಲದ ಬೇರೊಂದು ಬಗೆಯ ಬೀಗವನ್ನು ತಂದಿತು.

ಬೀಗವನ್ನೇ ತಪ್ಪಿಸುವ ಮಾರ್ಗವೂ ಬೆಳೆಯಿತು. ಕಡತದ ತುದಿಗೆ ಮಾತ್ರ ಸೇರಿಸುವ ಬರಹದಲ್ಲಿ ತುದಿಯನ್ನು ಹುಡುಕುವುದೂ ಬರೆಯುವುದೂ ಒಂದೇ ಕ್ರಿಯೆಯಾಗಿರುವುದರಿಂದ ಒಬ್ಬರ ಸಾಲಿನ ಮೇಲೆ ಮತ್ತೊಬ್ಬರು ಬರೆಯಲಾರರು. ಆದರೆ ಎನ್‌ಎಫ್‌ಎಸ್ ಜಾಲದ ಕಡತಗಳಲ್ಲಿ ಈ ಭರವಸೆಯಿಲ್ಲ. ಎಸ್‌ಕ್ಯೂಲೈಟ್ ೨೦೧೦ರಲ್ಲಿ ಬದಲಾವಣೆಗಳನ್ನು ಮೊದಲು ದಿನಚರಿಯೊಂದರ ತುದಿಗೆ ಬರೆಯುವ ಕ್ರಮವನ್ನು ಸೇರಿಸಿ, ಓದುವವರು ಬರೆಯುವವನಿಗಾಗಿ ಕಾಯದಂತೆ ಮಾಡಿತು. ಬರೆಯುವವನು ಮಾತ್ರ ಒಂದು ಸಮಯಕ್ಕೆ ಒಬ್ಬನೇ.

ಮೇಲೆ ಹೇಳಿದ ಬೀಗಗಳು ಸಲಹಾರೂಪದವು. ಕೇಳದೆ ಬರೆಯುವವನನ್ನು ಅವು ತಡೆಯುವುದಿಲ್ಲ. ಎಲ್ಲರನ್ನೂ ತಡೆಯುವ ಕಡ್ಡಾಯದ ಬೀಗವೊಂದು ಸಿಸ್ಟಮ್ ಐದರ ಪರಂಪರೆಯಿಂದ ಲಿನಕ್ಸಿಗೆ ಬಂದಿತ್ತು. ಅದನ್ನು ೨೦೨೧ರಲ್ಲಿ ೫.೧೫ನೆಯ ಆವೃತ್ತಿಯಿಂದ ತೆಗೆದುಹಾಕಿದರು.