ತಿಪ್ಪೆ, ಮರಳು, ಹವಳ

ಹೊಳಲಿನ ಅನಂತಶಯನನಿಗೆ ಕಡಲಿಲ್ಲ. ಹಡಗಲಿ ತಾಲ್ಲೂಕಿನ ಈ ಊರಿನಿಂದ ಅರಬ್ಬೀ ಸಮುದ್ರ ಮುಟ್ಟಬೇಕಾದರೆ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಹಾಲ್ಗಡಲಿನಲ್ಲಿ ಹಾವಿನ ಮೇಲೆ ಮಲಗಬೇಕಾದ ದೇವರು ಜೋಳದ ಸೀಮೆಗೆ ಬಂದು ಮಲಗಿದ್ದಕ್ಕೆ ಜನ ಒಂದು ಕಥೆ ಹೇಳುತ್ತಾರೆ. ಕೃಷ್ಣದೇವರಾಯ ಹೊಸಪೇಟೆಯ ಬಳಿ 1524ರಲ್ಲಿ ಕಟ್ಟಿಸಿದ ಗುಡಿಗೆ ಈ ದೇವರನ್ನು ಕರೆದೊಯ್ಯುತ್ತಿದ್ದನಂತೆ. ನಾನು ಹಿಂದೆ ಬರುತ್ತೇನೆ, ನೀನು ತಿರುಗಿ ನೋಡಕೂಡದು ಎಂಬುದು ದೇವರ ಷರತ್ತು. ಹೊಳಲಿಗೆ ಬರುವಷ್ಟರಲ್ಲಿ ರಾಜನಿಗೆ ತಾಳ್ಮೆ ಕೆಟ್ಟಿತು, ತಿರುಗಿ ನೋಡಿದ, ದೇವರು ಅಲ್ಲೇ ಒರಗಿಬಿಟ್ಟ. ಹೊಸಪೇಟೆಯ ಆ ಗುಡಿಯ ಗರ್ಭಗೃಹದಲ್ಲಿ ಇವತ್ತಿಗೂ ಉದ್ದನೆಯ ಪೀಠವಿದೆ, ಮೂರ್ತಿಯಿಲ್ಲ.

ಇದು ಐತಿಹ್ಯ, ಚರಿತ್ರೆಯಲ್ಲ. ಆದರೆ ಕಡಲನ್ನೇ ಒಳನಾಡಿಗೆ ತಂದು ಗಾಜಿನ ತೊಟ್ಟಿಯಲ್ಲಿ ಇಡಲು ಹೊರಟವರ ಚರಿತ್ರೆ ಓದುವಾಗ ಈ ತಿರುಗಿ ನೋಡಿದ ರಾಜ ನೆನಪಾಗುತ್ತಲೇ ಇರುತ್ತಾನೆ.

ಆ ಚರಿತ್ರೆ ಮೀನಿನಿಂದ ಶುರುವಾಗುವುದಿಲ್ಲ, ಹವಳದಿಂದ ಶುರುವಾಗುತ್ತದೆ. 1846ರಲ್ಲಿ ಆನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಕೆಲವು ಕಲ್ಲುಹವಳಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ದಾರಿಯಲ್ಲಿ ಉರುಳಾಡಬಾರದೆಂದು ಅವನ್ನು ಸೂಜಿದಾರದಿಂದ ಸ್ಪಂಜಿಗೆ ಹೊಲಿದಿದ್ದಳು. ಊರಲ್ಲಿ ಕಡಲ ನೀರು ಸುಲಭಕ್ಕೆ ಸಿಗದು. ಇದ್ದ ನೀರಿಗೇ ಉಸಿರು ತುಂಬಬೇಕು. ಅದಕ್ಕೆ ತೆರೆದ ಕಿಟಕಿಯ ಮುಂದೆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಎತ್ತಿ ಸುರಿಯುವ ಉಪಾಯ ಹೂಡಿದಳು, ನಮ್ಮಲ್ಲಿ ಚಹಾ ಅಂಗಡಿಯವರು ಮಾಡುವಂತೆ. ದಿನವೂ ಅರ್ಧ ಮುಕ್ಕಾಲು ಗಂಟೆ ಹೀಗೆ ಸುರಿದವಳು ಮನೆಗೆಲಸದ ಹುಡುಗಿ. ಮುಂದೆ ಜೀವಂತ ಕಡಲಪಾಚಿ ಹಿಡಿದ ಕಲ್ಲುಗಳನ್ನೂ ತರಿಸಿ ಹಾಕಿದ ಮೇಲೆ ತೊಟ್ಟಿ ವರ್ಷಗಟ್ಟಲೆ ಬಾಳಿತು. ಜಗತ್ತಿನ ಮೊದಲ ಮನೆಯ ಹವಳದ ತೊಟ್ಟಿಗಳಲ್ಲಿ ಒಂದನ್ನು ಬದುಕಿಸಿದ ಪಂಪು ಒಬ್ಬಳು ಹುಡುಗಿಯ ಎರಡು ತೋಳು. ಒಡತಿಯ ಹೆಸರು ಪುಸ್ತಕಗಳಲ್ಲಿದೆ, ಆ ಹುಡುಗಿಯದಿಲ್ಲ.

1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ಲಂಡನ್ನಿನ ರಸಾಯನಶಾಸ್ತ್ರಜ್ಞ ಇದಕ್ಕೊಂದು ಸಿದ್ಧಾಂತ ಕೊಟ್ಟ. ಸಿಹಿನೀರಿನ ತೊಟ್ಟಿಯಲ್ಲಿ ಮೀನು, ನೀರುಗಿಡ, ಕೊಳೆತ ಎಲೆ ತಿನ್ನುವ ಬಸವನಹುಳು ಮೂರೂ ಸೇರಿದರೆ ನೀರು ಬದಲಿಸದೆಯೇ ತಿಂಗಳುಗಟ್ಟಲೆ ತಿಳಿಯಾಗಿರುತ್ತದೆ ಎಂದು ತೋರಿಸಿದ. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗೋಸ್ ಬರೆದ ಪುಸ್ತಕ ‘ಅಕ್ವೇರಿಯಂ’ ಎಂಬ ಮಾತನ್ನು ಮನೆಮಾತಾಗಿಸಿತು. ಆಮೇಲೆ ನಡೆದದ್ದು ಜಾತ್ರೆ. ಜನ ರೈಲು ಹತ್ತಿ ತೀರಕ್ಕೆ ಹೋಗಿ ಬಂಡೆಗುಂಡಿಗಳಲ್ಲಿದ್ದದ್ದನ್ನೆಲ್ಲ ಬಾಚಿ ತಂದರು. ಮನೆಗೆ ಬಂದ ಜೀವಿಗಳಲ್ಲಿ ಬಹುಪಾಲು ಬೇಗ ಸತ್ತವು, ತೀರವೂ ಬರಿದಾಯಿತು. ಗೋಸ್‌ನ ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ಈ ಲೂಟಿಯನ್ನು ನೆನೆದು ನೊಂದಿದ್ದಾನೆ.

ಮೀನು ಯಾಕೆ ಸಾಯುತ್ತಿತ್ತು? ವಾರಿಂಗ್ಟನ್ ಗಿಡದ ಕಡೆ, ಬಸವನಹುಳುವಿನ ಕಡೆ ಬೆರಳು ತೋರಿಸಿದ್ದ. ಅವು ಬೇಕು ನಿಜ. ಆದರೆ ಮೀನಿನ ಮೈಯಿಂದ ಹೊರಬರುವ ಅಮೋನಿಯ ವಿಷ, ಅದನ್ನು ಅರಗಿಸುವವರು ಕಣ್ಣಿಗೆ ಕಾಣದವರು. ಅವರ ಸುಳಿವು ಸಿಕ್ಕಿದ್ದು ಕಡಲಿನಲ್ಲಲ್ಲ, ಚರಂಡಿಯಲ್ಲಿ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ಇಬ್ಬರು ಚರಂಡಿ ನೀರನ್ನು ಮರಳು ತುಂಬಿದ ಕೊಳವೆಯ ಮೂಲಕ ನಿಧಾನ ಹರಿಸಿದರು. ಸುಮಾರು 20 ದಿನ ಏನೂ ಆಗಲಿಲ್ಲ. ಆಮೇಲೆ ಕೆಳಗೆ ಬರುವ ನೀರಿನಲ್ಲಿ ಅಮೋನಿಯ ಕಡಿಮೆಯಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರ್ಮಿನ ಆವಿ ಹಾಯಿಸಿದರೆ ಕೆಲಸ ನಿಂತುಹೋಯಿತು. ಅಂದರೆ ಮರಳಿನಲ್ಲಿ ಯಾರೋ ಬದುಕಿದ್ದಾರೆ.

ಇದನ್ನು ಮುಂದುವರಿಸಿದವರಲ್ಲಿ ಒಬ್ಬ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ರಾಬರ್ಟ್ ವಾರಿಂಗ್ಟನ್. ಹೌದು, ಅದೇ ಹೆಸರು. ತೊಟ್ಟಿಯ ವಾರಿಂಗ್ಟನ್ನನ ಮಗ. ಹೊಲದ ಮಣ್ಣಿನಲ್ಲಿ ಅಮೋನಿಯ ಮೊದಲು ನೈಟ್ರೈಟ್ ಆಗಿ, ಅದು ಆಮೇಲೆ ನೈಟ್ರೇಟ್ ಆಗುತ್ತದೆ, ಇದು ಎರಡು ಹಂತದ ಕೆಲಸ ಎಂದು ತೋರಿಸಿದ. ಆ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಲು ಮಾತ್ರ ಅವನ ಕೈಯಲ್ಲಾಗಲಿಲ್ಲ. 1890ರ ಹೊತ್ತಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಅದನ್ನು ಸಾಧಿಸಿದ. ಅಪ್ಪನ ತೊಟ್ಟಿಯ ಗುಟ್ಟು ಮಗನ ಹೊಲದಲ್ಲಿತ್ತು. ಅಪ್ಪನಿಗೆ ಅದನ್ನು ಕಾಣುವ ಯೋಗವಿರಲಿಲ್ಲ, 1867ರಲ್ಲೇ ತೀರಿಕೊಂಡಿದ್ದ.

ಹಡಗಲಿ ಸೀಮೆಯ ರೈತನಿಗೆ ಇದರ ಅರ್ಧ ಭಾಗ ಹೊಸದಲ್ಲ. ಹಸಿ ಸಗಣಿ ಹಾಕಿದರೆ ಪೈರು ಸುಡುತ್ತದೆ, ತಿಪ್ಪೆಯಲ್ಲಿ ಕಳಿತ ಮೇಲೆಯೇ ಅದು ಗೊಬ್ಬರ. ಹಳೆಯ ಮಣ್ಣುಗೋಡೆ, ದನದ ಕೊಟ್ಟಿಗೆಗಳ ಮಣ್ಣಿನಲ್ಲಿ ಹುಟ್ಟುವ ಪೆಟ್ಲುಪ್ಪು ಕೂಡ ಇದೇ ಬಗೆಯ ಜೀವಿಗಳ ದುಡಿಮೆ. ಕಡಲ ತೊಟ್ಟಿಯೂ ಒಂದು ಅರ್ಥದಲ್ಲಿ ತಿಪ್ಪೆಯೇ. ಕಳಿಯುವ ಮುಂಚೆ ಅದರಲ್ಲಿ ಜೀವ ಬಿಡಬಾರದು.

ಹೊಳಲು ಆಗ ಬಳ್ಳಾರಿ ಜಿಲ್ಲೆಯ ಜೊತೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಭಾರತದ ಮೊದಲ ಅಕ್ವೇರಿಯಂ ತೆರೆದದ್ದು ಆ ಪ್ರಾಂತ್ಯದ ರಾಜಧಾನಿಯಲ್ಲೇ, 1909ರಲ್ಲಿ, ಮರೀನಾ ತೀರದಲ್ಲಿ. ಹಿಂದಿದ್ದವನು ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕುರಿತ ಅವನ ಏಳು ಸಂಪುಟಗಳು ಬಂದದ್ದೂ ಅದೇ ವರ್ಷ. ಜಾತಿಶಾಸ್ತ್ರದ ವಿದ್ಯಾರ್ಥಿಗಳು ಮರೆಯುವ ಸಂಗತಿಯೆಂದರೆ, ಈತ ರಾಮೇಶ್ವರ, ಮನ್ನಾರ್ ಕೊಲ್ಲಿಯ ಜೀವಿಗಳ ಮೇಲೂ ಬರೆದವನು. ಮದ್ರಾಸಿನ ತೊಟ್ಟಿಗಳಿಗೆ ಒಂದು ಅನುಕೂಲವಿತ್ತು: ಕಡಲು ಎದುರಿಗೇ ಇತ್ತು. ಎರಡನೇ ಮಹಾಯುದ್ಧದ ಕಾಲಕ್ಕೆ ಆ ಅಕ್ವೇರಿಯಂ ಮುಚ್ಚಿತು.

ಕಡಲು ಎದುರಿಗಿಲ್ಲದವರಿಗೆ ದಾರಿ ತೋರಿದವನು ಜಕಾರ್ತದ ಲೀ ಚಿನ್ ಎಂಗ್. ಜೀವಿಗಳು ತುಂಬಿದ ಹವಳಬಂಡೆಯ ತುಂಡುಗಳು, ಕಡಲ ನೀರು, ಬಿಸಿಲು, ಸಣ್ಣಗೆ ಗಾಳಿಗುಳ್ಳೆ ಇಷ್ಟರಲ್ಲೇ ಹವಳ ಸಾಕಬಹುದೆಂದು 1961ರಲ್ಲಿ ಒಂದು ಅಮೆರಿಕನ್ ಪತ್ರಿಕೆಯಲ್ಲಿ ಬರೆದ. ಬಂಡೆಯ ರಂಧ್ರಗಳೇ ಶ್ಲೋಸಿಂಗನ ಮರಳಿನ ಕೊಳವೆ. ಪಶ್ಚಿಮದ ಹವ್ಯಾಸಿಗಳು ಅವನ ಮಾತಿಗೆ ಬಹುಕಾಲ ಕಿವಿಗೊಡಲಿಲ್ಲ, ಅವರ ನಂಬಿಕೆ ಯಂತ್ರಗಳ ಮೇಲಿತ್ತು. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಜೀವಂತ ಬಂಡೆಯ ಜೊತೆಗೆ, ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಮತ್ತು ಪ್ರಖರ ದೀಪ ಸೇರಿಸಿದರು. ಅವರಲ್ಲೊಬ್ಬನಾದ ಡೀಟ್ರಿಶ್ ಸ್ಟ್ಯೂಬರ್ ಬೆಳೆಸಿದ ಅಕ್ರೊಪೊರಾ ಹವಳದ ರೆಂಬೆಗಳು ಮುರಿದು ಹಂಚಿ ಹಂಚಿ ಎಷ್ಟೋ ಮನೆಗಳಿಗೆ ಹಬ್ಬಿದವು, ನಮ್ಮಲ್ಲಿ ದಾಸವಾಳದ ಕಡ್ಡಿ ಓಣಿಯೆಲ್ಲ ಹಬ್ಬುವ ಹಾಗೆ. ಬಂಡೆಗುಂಡಿ ಬಾಚಿದ ಕಾಲದಿಂದ ಇಲ್ಲಿಗೆ ಬರಲು ಒಂದು ಶತಮಾನಕ್ಕೂ ಹೆಚ್ಚು ಹಿಡಿಯಿತು.

ನಮ್ಮಲ್ಲಿ ಈ ಕಡ್ಡಿ ಹಂಚಿಕೆಗೆ ಅವಕಾಶವಿಲ್ಲ. 2001ರಲ್ಲಿ ಕಲ್ಲುಹವಳಗಳೆಲ್ಲವೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಹುಲಿಯ ಸಾಲಿಗೆ, ಸೇರಿದವು. ಕರ್ನಾಟಕದ ಹೆಸರಾಂತ ಹವಳದ ನೆಲೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪ. ಅಲ್ಲಿಂದ ಒಂದು ಚೂರು ಕಿತ್ತು ತರುವುದೂ ಅಪರಾಧ. ಹವ್ಯಾಸಿಗಳು ಗೊಣಗುತ್ತಾರೆ. ಡೆವನ್ನಿನ ತೀರದ ಕಥೆ ಗೊತ್ತಿದ್ದವರು ಗೊಣಗಲಾರರು.

ಹಾಗಿದ್ದರೆ ಹೊಳಲಿನಂಥ ಊರಲ್ಲಿ ಕಾನೂನು ಮೀರದೆ ಏನು ಸಾಧ್ಯ? ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಎಂದಿಟ್ಟುಕೊಳ್ಳಿ. ಸುಮಾರು 680 ಲೀಟರ್ ಹಿಡಿಯುತ್ತದೆ, ನೀರಿನ ತೂಕವೇ 700 ಕಿಲೋ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 24 ಕಿಲೋದಷ್ಟು ಸಮುದ್ರದ ಲವಣಮಿಶ್ರಣ ಬೇಕು. ಅಡುಗೆ ಉಪ್ಪು ನಡೆಯದು. ಬೋರ್‌ವೆಲ್ಲಿನ ಗಡಸು ನೀರನ್ನು ಹಾಗೇ ಸುರಿಯುವಂತಿಲ್ಲ, ಆರ್‌ಓ ಯಂತ್ರದಲ್ಲಿ ಶುದ್ಧ ಮಾಡಬೇಕು. ಬೇಸಿಗೆಯಲ್ಲಿ ನೀರು ಆರಿದಷ್ಟೂ ಸಿಹಿನೀರನ್ನೇ ಸೇರಿಸಬೇಕು, ಯಾಕೆಂದರೆ ಉಪ್ಪು ಆರಿಹೋಗುವುದಿಲ್ಲ. ನೀರನ್ನು 26 ಡಿಗ್ರಿಯ ಆಸುಪಾಸಿನಲ್ಲಿಡಲು ಚಿಲ್ಲರ್, ಕರೆಂಟು ಹೋದಾಗ ಪಂಪಿಗೆ ಬ್ಯಾಟರಿ. ಖಾಲಿ ಒಣಬಂಡೆ, ಮರಳು ಹಾಕಿ ಸ್ವಲ್ಪ ಅಮೋನಿಯ ಕೊಟ್ಟು ಕಾಯಬೇಕು. ಅಮೋನಿಯ ಏರಿ ಇಳಿಯುತ್ತದೆ, ನೈಟ್ರೈಟ್ ಏರಿ ಇಳಿಯುತ್ತದೆ; ನಾಲ್ಕಾರು ವಾರ. ಆಮೇಲೆ ಗಾಜಿಗೆ ಕಂದು ಲೋಳೆ, ಅದು ಹೋದರೆ ಹಸಿರು ಪಾಚಿ. ನೋಡಲು ಬಂದ ನೆಂಟರು ಮೀನೆಲ್ಲಿ ಎಂದು ಕೇಳುವ ಕಾಲ ಇದು.

ಮೀನೂ ಕಡಲಿನಿಂದ ಬರಬೇಕಿಲ್ಲ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಢಿಸಿದೆ. ಈ ಜಾತಿಯಲ್ಲಿ ಹುಟ್ಟುವಾಗ ಹೆಣ್ಣೇ ಇರುವುದಿಲ್ಲ. ಎರಡು ಮರಿಗಳನ್ನು ಒಟ್ಟಿಗೆ ಬಿಟ್ಟರೆ ತಿಂಗಳುಗಳ ಮೇಲೆ ಅವುಗಳಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಬಂಡೆಯ ಮಗ್ಗುಲಲ್ಲಿ ಅದು ಮೊಟ್ಟೆಯಿಟ್ಟ ಮೇಲೆ ಗಂಡು ಮೀನು ರೆಕ್ಕೆಯಿಂದ ಗಾಳಿ ಬೀಸುತ್ತ ಕಾಯುತ್ತದೆ, ಒಂದು ವಾರದ ಮೇಲೆ, ದೀಪ ಆರಿದ ನಂತರ, ಮರಿ ಹೊರಬರುವವರೆಗೆ.